ಬಾಗುವ ಗಾಂಧಾರ: ಹತ್ತಿ ಹೊಲದ ಕೂಗಿನಿಂದ ಗ್ಲಾಮ್ ಮೆಟಲ್‌ವರೆಗೆ

ಪ್ರಶ್ನೆ: ಎರಡು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಯವರೆಗೆ ಹಾಡುಗಾರಿಕೆ ಕಲಿತಿದ್ದೆ. ಈಗ 1980ರ ದಶಕದ ಗ್ಲಾಮ್ ಮೆಟಲ್ ಸೋಲೋಗಳನ್ನು ನುಡಿಸಲು ನೋಡುತ್ತಿದ್ದೇನೆ. ಸ್ವರಗಳು ಸರಿಯಾಗಿ ಬೀಳುತ್ತವೆ, ಆದರೆ ತಂತಿ ಬೆಂಡ್ ಮಾಡಿದರೆ, ಅಂದರೆ ಎಳೆದು ಸ್ವರ ಏರಿಸಿದರೆ, ಅಪಶ್ರುತಿ. ಒಟ್ಟಾರೆ ನುಡಿಸಿದ್ದೆಲ್ಲ ಒಣಒಣ. "ಬ್ಲೂಸ್ ಗೊತ್ತಿಲ್ಲದೆ ಇದು ಬರೋದಿಲ್ಲ, ಇದೆಲ್ಲ ಗುಲಾಮರ ಹಾಡಿನಿಂದ ಬಂದಿದ್ದು" ಎಂದು ಕೆಲವರು ಹೇಳುತ್ತಾರೆ. ಲಿಪ್‌ಸ್ಟಿಕ್ ಹಚ್ಚಿ ಕೂದಲು ಕೆದರಿಕೊಂಡ ಆ ಬ್ಯಾಂಡ್‌ಗಳಿಗೂ ಹತ್ತಿ ಹೊಲದ ಹಾಡಿಗೂ ನಿಜವಾಗಿ ಸಂಬಂಧ ಇದೆಯೇ? ಇದ್ದರೆ ಅದನ್ನು ಕಿವಿಗೆ, ಬೆರಳಿಗೆ ಹತ್ತಿಸಿಕೊಳ್ಳುವುದು ಹೇಗೆ?

ಉತ್ತರ: ಸಂಬಂಧ ಇದೆ. ಅದನ್ನು ನಿಮ್ಮ ಗಿಟಾರಿನ ಮೂರನೆಯ ತಂತಿಯ (ಸಣ್ಣ ತಂತಿಯಿಂದ ಎಣಿಸಿ) ಐದನೆಯ ಫ್ರೆಟ್ಟಿನಲ್ಲೇ ತೋರಿಸಬಹುದು. ಅಲ್ಲಿಂದಲೇ ಶುರು ಮಾಡೋಣ.

ನೀವು ಹೇಳುವ ಸೋಲೋಗಳಲ್ಲಿ ಹೆಚ್ಚಿನವು ಐದು ಸ್ವರಗಳ ಒಂದು ಚೌಕಟ್ಟಿನೊಳಗೆ ಓಡಾಡುತ್ತವೆ. ಎ ನಿಮ್ಮ ಷಡ್ಜವಾದರೆ ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಫ್ರೆಟ್ಟುಗಳು ಹೀಗೆ: 5–8, 5–7, 5–7, 5–7, 5–8, 5–8. ಗಿಟಾರಿನವರು ಇದನ್ನು ಮೈನರ್ ಪೆಂಟಟಾನಿಕ್ ಎನ್ನುತ್ತಾರೆ. ನಿಮಗೆ ಇದು ಹೊಸದೇನಲ್ಲ. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ: ಶುದ್ಧ ಧನ್ಯಾಸಿಯ ಸ್ವರಗಳೇ. ಆದರೂ ಧನ್ಯಾಸಿ ಹಾಡಿದರೆ ಅಮೆರಿಕದ ಕಪ್ಪು ಜನರ ಹಾಡಾದ ಬ್ಲೂಸ್ ಆಗುವುದಿಲ್ಲ, ಏಕೆಂದರೆ ಕೆಳಗೆ ಮೊಳಗುವ ಆಧಾರವೇ ಬೇರೆ. ತಂಬೂರಿಯಲ್ಲಿ ಸೂಕ್ಷ್ಮವಾಗಿ ಗಾಂಧಾರ ಕೇಳಿಸಿದರೂ ಅದನ್ನು ಯಾರೂ ಮೀಟುವುದಿಲ್ಲ. ಬ್ಲೂಸಿನಲ್ಲಿ ಎ7 ಕಾರ್ಡು (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಸಿ ಶಾರ್ಪನ್ನು, ಅಂದರೆ ಅಂತರ ಗಾಂಧಾರವನ್ನು, ಗಟ್ಟಿಯಾಗಿ ಹಿಡಿದು ನಿಂತಿರುತ್ತದೆ. ಅದರ ಮೇಲೆ ಹಾಡುವವರು ಸಾಧಾರಣ ಗಾಂಧಾರ ಹಾಡುತ್ತಾರೆ, ಅಥವಾ ಎರಡರ ನಡುವೆ ಎಲ್ಲೋ ನಿಲ್ಲುತ್ತಾರೆ. ಈ ಎರಡು ಗಾಂಧಾರಗಳ ತಿಕ್ಕಾಟಕ್ಕೇ ಬ್ಲೂ ನೋಟ್ ಎಂದು ಹೆಸರು.

ಫೋನಿನಲ್ಲಿ ಎರಡು ನಿಮಿಷ ಎ7 ಕಾರ್ಡು ಮೀಟಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಹಾಕಿಕೊಂಡು ಮೂರನೆಯ ತಂತಿಯ ಐದನೆಯ ಫ್ರೆಟ್ಟನ್ನು, ಅಂದರೆ ಸಿ ಸ್ವರವನ್ನು, ನೇರವಾಗಿ ನುಡಿಸಿ. ಚೂರು ಮಂಕಾಗಿ ಕೇಳುತ್ತದೆ. ಈಗ ಅದೇ ಸ್ವರವನ್ನು ತೋರುಬೆರಳಿನಿಂದ ನೆಲದ ಕಡೆಗೆ ಒಂದಿಷ್ಟೇ ಎಳೆಯಿರಿ. ಆರನೆಯ ಫ್ರೆಟ್ಟಿನ ಸಿ ಶಾರ್ಪ್ ಮುಟ್ಟಬಾರದು, ಅರ್ಧ ದಾರಿಯಲ್ಲೇ ನಿಲ್ಲಬೇಕು. ಸ್ವರಕ್ಕೆ ಜೀವ ಬಂದದ್ದು ನಿಮಗೇ ತಿಳಿಯುತ್ತದೆ. ನಿಮ್ಮ ಸೋಲೋ ಒಣಗಿರುವುದಕ್ಕೆ ಮುಖ್ಯ ಕಾರಣ ಇದೇ: ನೀವು ಫ್ರೆಟ್ಟು ಕೊಟ್ಟಷ್ಟು ಸ್ವರಕ್ಕೆ ತೃಪ್ತರಾಗುತ್ತಿದ್ದೀರಿ.

ಈ ನಡುವಿನ ಗಾಂಧಾರ ಫ್ರೆಟ್ಟಿನಿಂದ ಬಂದದ್ದಲ್ಲ, ಗಂಟಲಿನಿಂದ ಬಂದದ್ದು. ಅಮೆರಿಕದ ಸಂಗೀತದ ಉದ್ದಕ್ಕೂ ವಾದ್ಯಗಳು ಕಪ್ಪು ಜನರ ಗಂಟಲನ್ನು ಅನುಕರಿಸುತ್ತಾ ಬಂದಿವೆ. ಗ್ಲಾಮ್ ಮೆಟಲ್ಲಿನ ಗಿಟಾರ್ ಆ ಸಾಲಿನ ಒಂದು ತುದಿ.

ಗುಲಾಮರ ಹಾಡಿನ ಅಸಲಿ ಧ್ವನಿಮುದ್ರಣ ಎಂದು ಯಾರಾದರೂ ಏನನ್ನಾದರೂ ಕಳಿಸಿದರೆ ನಂಬಬೇಡಿ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1865ರ ಡಿಸೆಂಬರಿನಲ್ಲಿ, ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. ನಮಗೆ ಉಳಿದಿರುವುದು ಬರಹ, ಮತ್ತು ಮುಂದಿನ ತಲೆಮಾರುಗಳ ಕಂಠ. ಬರಹದಲ್ಲಿ ಮುಖ್ಯವಾದದ್ದು 1867ರಲ್ಲಿ ಪ್ರಕಟವಾದ 136 ಹಾಡುಗಳ ಸಂಗ್ರಹ. ಈ ಕಂಠಗಳ ಜಾರು, ಏರಿಳಿತ, ಒಬ್ಬರ ಮೇಲೊಬ್ಬರು ಬಂದು ಸೇರುವ ರೀತಿ ಯಾವುದೂ ಪಾಶ್ಚಾತ್ಯ ಸ್ವರಲಿಪಿಗೆ ಸಿಗುವುದಿಲ್ಲ ಎಂದು ಅದರ ಸಂಪಾದಕರೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಗಮಕವನ್ನು ಬರೆದು ತೋರಿಸಲು ಹೊರಟವರಿಗೆ ಆ ಕಷ್ಟ ಗೊತ್ತು. ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡ್ರಿಕ್ ಡಗ್ಲಸ್ 1845ರ ಆತ್ಮಕಥೆಯಲ್ಲಿ ಇನ್ನೊಂದು ಮಾತು ಹೇಳುತ್ತಾರೆ: ಗುಲಾಮರು ಹಾಡುವುದನ್ನು ಕೇಳಿ ಅವರು ಸಂತೋಷವಾಗಿದ್ದಾರೆ ಎಂದುಕೊಳ್ಳುವುದಕ್ಕಿಂತ ದೊಡ್ಡ ತಪ್ಪಿಲ್ಲ, ಅವರು ಹೆಚ್ಚು ಹಾಡುವುದು ಹೆಚ್ಚು ದುಃಖದಲ್ಲಿದ್ದಾಗ. ಈ ಸಂಗೀತವನ್ನು ಕೈಗೆತ್ತಿಕೊಳ್ಳುವ ಯಾರೂ ಇದನ್ನು ಮರೆಯಬಾರದು.

ವಾದ್ಯಗಳನ್ನು ಕಿತ್ತುಕೊಂಡದ್ದೂ ಇದೇ ಕಥೆಯ ಭಾಗ. ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಸ್ಟೋನೋ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು, ಡೋಲು ಬಾರಿಸಿಕೊಂಡು ಹೊರಟಿದ್ದರು. ಮರುವರ್ಷದ ಕಾನೂನು ಡೋಲು, ಕೊಂಬು ಮತ್ತು ಜೋರಾಗಿ ಸದ್ದು ಮಾಡುವ ವಾದ್ಯಗಳನ್ನು ಅವರಿಗೆ ನಿಷೇಧಿಸಿತು. ಡೋಲು ಹೋಯಿತು, ಲಯ ಹೋಗಲಿಲ್ಲ. ಅದು ಅಂಗೈಗೆ, ತೊಡೆಗೆ, ಹಿಮ್ಮಡಿಗೆ ಇಳಿಯಿತು. ಜಾರ್ಜಿಯಾದ ಕರಾವಳಿಯಲ್ಲಿ ಉಳಿದುಬಂದ ರಿಂಗ್ ಶೌಟ್ ಎಂಬ ಪ್ರಾರ್ಥನೆಯಲ್ಲಿ ಜನ ವೃತ್ತವಾಗಿ ಅಪ್ರದಕ್ಷಿಣವಾಗಿ ಸಾಗುತ್ತಾರೆ. ಕಾಲು ಅಡ್ಡ ಬಂದರೆ ಅದು ಕುಣಿತ, ಕುಣಿತ ಪಾಪ, ಅದಕ್ಕೆ ಕಾಲು ಅಡ್ಡ ಹಾಕುವುದಿಲ್ಲ. ಒಬ್ಬರು ಕೋಲಿನಿಂದ ಮರದ ನೆಲ ಕುಟ್ಟುತ್ತಾರೆ, ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ.

ಈ ಕೂಗು-ಮಾರುತ್ತರ ದುಡಿಮೆಯಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಬೇಕಾದರೆ 1947–48ರಲ್ಲಿ ಜಾನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನ ಹೊಲಗಳಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಕೇಳಿ. ಗುಲಾಮಗಿರಿ ಹೋಗಿ 80 ವರ್ಷ ಕಳೆದಿದ್ದರೂ ಕೈದಿಗಳ ದುಡಿಮೆ ಮಾತ್ರ ಹಾಗೇ ಇತ್ತು. ಕೊಡಲಿ ಹಾಡಿನಲ್ಲಿ ಮುಂದಾಳು ಒಂದು ಸಾಲು ಎತ್ತುತ್ತಾನೆ, ಗುಂಪಿನ ಉತ್ತರದೊಳಗೆ ಕೊಡಲಿಯ ಏಟು ಬೀಳುತ್ತದೆ. ಒಂದೇ ಮರಕ್ಕೆ ಹಲವರು ಕೊಡಲಿ ಹಾಕುವಾಗ ಕಾಲ ತಪ್ಪಿದರೆ ಪಕ್ಕದವನ ಜೀವಕ್ಕೆ ಅಪಾಯ. ಎಲ್ಲರೂ ಒಂದೇ ಕಾಲದಲ್ಲಿ ಹೊಡೆದರೆ ನಿಧಾನದವನು ಯಾರೆಂದು ಕಾವಲುಗಾರನಿಗೆ ಕಾಣುವುದಿಲ್ಲ, ಅವನೊಬ್ಬನಿಗೇ ಹೊಡೆತ ಬೀಳುವುದೂ ತಪ್ಪುತ್ತದೆ. ನಮ್ಮ ನಾಟಿ ಹಾಡಿನಲ್ಲೂ ಕೂಗಿಗೆ ಮಾರುತ್ತರ ಇದೆ, ಆದರೆ ಪಾರ್ಚ್‌ಮನ್ನಿನ ಹಾಡಿನ ಬೆನ್ನಿಗೆ ಬಂದೂಕು ಇತ್ತು. ಕೇಳುವಾಗ ಮುಂದಾಳಿನ ಕಂಠದ ಗಾಂಧಾರವನ್ನು ಹಿಂಬಾಲಿಸಿ. ಒಂದೇ ಹಾಡಿನಲ್ಲಿ ಅದು ಮೂರು ಜಾಗದಲ್ಲಿ ನಿಲ್ಲುತ್ತದೆ.

ಅಲ್ಲಿಂದ ಗಿಟಾರಿಗೆ ಬಂದದ್ದು ಹೇಗೆ? ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ಟರ್ 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಮನುಷ್ಯ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತಾ ಹಾಡುವುದನ್ನು ಕೇಳಿದರು. ಒಂದು ಸಾಲು ಹಾಡುವುದು, ಆಮೇಲೆ ಗಿಟಾರು ಅದಕ್ಕೆ ಉತ್ತರ ಕೊಡುವುದು. ಗುಂಪು ಇಲ್ಲದ ಒಂಟಿ ಗಾಯಕನಿಗೆ ಗಿಟಾರೇ ಗುಂಪಾಯಿತು. ಹನ್ನೆರಡು ಬಾರಿನ (ಒಂದು ಬಾರು ಎಂದರೆ ನಾಲ್ಕು ಎಣಿಕೆಯ ಒಂದು ಸುತ್ತು) ಬ್ಲೂಸಿನ ಲೆಕ್ಕ ಇದನ್ನೇ ಹಿಡಿದಿಟ್ಟಿದೆ: ಎ7 ನಾಲ್ಕು ಬಾರು, ಡಿ7 ಎರಡು, ಮತ್ತೆ ಎ7 ಎರಡು, ಇ7 ಒಂದು, ಡಿ7 ಒಂದು, ಎ7 ಒಂದು, ಕೊನೆಗೆ ತಿರುಗಿಸಲು ಇ7 ಒಂದು. ಹಾಡಿನ ಸಾಲುಗಳು ಮೂರೇ, ಅದರಲ್ಲೂ ಎರಡನೆಯದು ಮೊದಲನೆಯದರ ಪುನರಾವರ್ತನೆ. ಪ್ರತಿ ನಾಲ್ಕು ಬಾರಿನಲ್ಲಿ ಹಾಡು ಸುಮಾರು ಎರಡನ್ನು ತುಂಬುತ್ತದೆ, ಉಳಿದೆರಡು ಗಿಟಾರಿನದು. ಹೊಸಬರು ಈ ಎರಡು ಬಾರಿನ ಜಾಗ ಬಿಡದೆ ಹನ್ನೆರಡಕ್ಕೆ ಹನ್ನೆರಡೂ ಬಾರು ನುಡಿಸುತ್ತಲೇ ಇರುತ್ತಾರೆ. ನೀವೂ ಹಾಗೇ ಮಾಡುತ್ತಿದ್ದರೆ ಒಣಒಣ ಎನಿಸಲು ಅದು ಎರಡನೆಯ ಕಾರಣ.

ಚಾಕುವಿನ ಜಾಗಕ್ಕೆ ಆಮೇಲೆ ಬಾಟಲಿಯ ಕುತ್ತಿಗೆ ಬಂತು, ಆಮೇಲೆ ಗಾಜಿನ, ಲೋಹದ ಸ್ಲೈಡು. ಗೋಟುವಾದ್ಯ ಕೇಳಿದ ಕಿವಿಗೆ ಈ ಜಾರು ಅಪರಿಚಿತವಲ್ಲ. ನೀವು ಪ್ರಯತ್ನಿಸುವುದಾದರೆ ಓಪನ್ ಜಿ ಶ್ರುತಿ ಮಾಡಿ: ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ. ಇದರಲ್ಲಿ ಮೂರು ತಂತಿಗಳನ್ನು ಇಳಿಸುತ್ತೀರಿ, ಯಾವುದನ್ನೂ ಏರಿಸುವುದಿಲ್ಲ, ಹಾಗಾಗಿ ತಂತಿ ಹರಿಯುವ, ಕುತ್ತಿಗೆ ಬಾಗುವ ಭಯವಿಲ್ಲ. ಸ್ಲೈಡನ್ನು ಕಿರುಬೆರಳಿಗೆ ಹಾಕಿ, ಫ್ರೆಟ್ಟಿನ ತಂತಿಯ ನೇರ ಮೇಲೆ ನಿಲ್ಲಿಸಿ. ಬೆರಳಿನ ಅಭ್ಯಾಸದಂತೆ ಫ್ರೆಟ್ಟಿನ ಹಿಂದೆ ನಿಲ್ಲಿಸಿದರೆ ಪ್ರತಿ ಸ್ವರವೂ ಇಳಿಯುತ್ತದೆ. ಸ್ಲೈಡಿನ ಹಿಂದಿರುವ ಬೆರಳುಗಳು ತಂತಿಯನ್ನು ಹಗುರವಾಗಿ ಮುಟ್ಟಿಕೊಂಡಿರಲಿ, ಇಲ್ಲದಿದ್ದರೆ ಕರಕರ ಸದ್ದು ಬರುತ್ತದೆ. 9ರ (ಇಂಚಿನ ಸಾವಿರದಲ್ಲಿ 9 ಭಾಗ ದಪ್ಪದ) ತೆಳು ತಂತಿಗೆ ಸ್ಲೈಡು ಒತ್ತಿದರೆ ಫ್ರೆಟ್ಟಿಗೆ ಬಡಿಯುತ್ತದೆ, 11ರ ಸೆಟ್ ಹಾಕಿ.

ಈಗ ನಿಮ್ಮ ಗ್ಲಾಮ್ ಮೆಟಲ್ಲಿಗೆ ಬರುವ ಸರಪಳಿ. ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರ ಜೂನಿನಲ್ಲಿ ಡಲ್ಲಾಸಿನಲ್ಲಿ ಒಟ್ಟು 29 ಹಾಡು ಧ್ವನಿಮುದ್ರಿಸಿ 27ನೇ ವಯಸ್ಸಿಗೆ ತೀರಿಕೊಂಡರು. (ಕವಲುದಾರಿಯಲ್ಲಿ ಸೈತಾನನಿಗೆ ಆತ್ಮ ಮಾರಿದ ಕಥೆಯನ್ನು ಪಕ್ಕಕ್ಕಿಡಿ, ಅದು ಅವರ ಅಭ್ಯಾಸಕ್ಕೆ ಮಾಡುವ ಅವಮಾನ.) ಅವರ ಒಂದು ಹಾಡನ್ನು ಇಂಗ್ಲೆಂಡಿನ ಕ್ರೀಮ್ ಬ್ಯಾಂಡ್ 1968ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ನುಡಿಸಿತು, ಗಿಟಾರ್ ಎರಿಕ್ ಕ್ಲಾಪ್ಟನ್. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬೆಳೆದ ಎಡ್ಡಿ ವ್ಯಾನ್ ಹೇಲನ್ ಕ್ಲಾಪ್ಟನ್ನನ ಕ್ರೀಮ್ ಕಾಲದ ಸೋಲೋಗಳನ್ನು ಒಂದೊಂದು ಸ್ವರವಾಗಿ ಕಲಿತರು. 1978ರಲ್ಲಿ ವ್ಯಾನ್ ಹೇಲನ್ನಿನ ಮೊದಲ ಆಲ್ಬಂ ಬಂದ ಮೇಲೆ ಲಾಸ್ ಏಂಜಲಿಸ್‌ನ ಸನ್‌ಸೆಟ್ ಸ್ಟ್ರಿಪ್ಪಿನ ವಿಸ್ಕಿ, ರಾಕ್ಸಿ, ಗಝಾರೀಸ್ ಕ್ಲಬ್ಬುಗಳಲ್ಲಿ ವೇದಿಕೆ ಹತ್ತಿದ ಪ್ರತಿಯೊಬ್ಬ ಗಿಟಾರಿಗನೂ ಆ ಆಲ್ಬಮ್ಮಿಗೆ ಉತ್ತರ ಕೊಡಬೇಕಾಯಿತು. ವ್ಯಾನ್ ಹೇಲನ್ ಗ್ಲಾಮ್ ಬ್ಯಾಂಡೇ ಅಲ್ಲ ಎನ್ನುವವರಿದ್ದಾರೆ, ಇರಲಿ. ಗ್ಲಾಮ್ ಗಿಟಾರಿನ ಮಾತು ಕಟ್ಟಿದ್ದು ಅವರೇ. 1936ರಿಂದ 1978ಕ್ಕೆ 42 ವರ್ಷ, ನಡುವೆ ಇರುವುದು ಒಂದೇ ಕೊಂಡಿ.

ಹಾಗಾದರೆ ಲಿಪ್‌ಸ್ಟಿಕ್ಕು, ಕೂದಲು? ಅದನ್ನು ಬಿಳಿಯ ಹುಡುಗರು 1980ರಲ್ಲಿ ಕಂಡುಹಿಡಿದದ್ದಲ್ಲ. ಜಾರ್ಜಿಯಾದ ಮೇಕನ್ನಿನ ಲಿಟ್ಲ್ ರಿಚರ್ಡ್ 1955ರಲ್ಲೇ ಮುಖಕ್ಕೆ ಮೇಕಪ್ಪು ಮೆತ್ತಿ, ಕೂದಲನ್ನು ಗೋಪುರ ಮಾಡಿ, ಕೀರಲು ಕೂಗು ಹಾಕಿ ಪಿಯಾನೊ ಬಡಿಯುತ್ತಿದ್ದರು. ಆ ಕೂಗು ಕಪ್ಪು ಚರ್ಚಿನ ಗಾಸ್ಪೆಲ್ ಗಾಯನದ್ದು. ಅವರಿಗೆ 14 ವರ್ಷವಾಗಿದ್ದಾಗ, 1947ರಲ್ಲಿ, ವೇದಿಕೆಗೆ ಕರೆದು ಹಾಡಿಸಿದವರು ಸಿಸ್ಟರ್ ರೊಸೆಟ್ಟಾ ಥಾರ್ಪ್: ಅರ್ಕಾನ್ಸಾಸ್‌ನಲ್ಲಿ ಹುಟ್ಟಿ, ಚರ್ಚಿನ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತ ಹೆಂಗಸು. ಆಕೆಯ ಸೋಲೋ ನೋಡಿದವರಿಗೆ ರಾಕ್ ಗಿಟಾರ್ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಸೇರಿಸಿಕೊಂಡದ್ದು 2018ರಲ್ಲಿ, ತೀರಿಕೊಂಡು ಸುಮಾರು 45 ವರ್ಷವಾದ ಮೇಲೆ. ಇದು ನೋವಿನ ಸಂಗತಿ.

ಡಿಸ್ಟಾರ್ಷನ್, ಅಂದರೆ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಸದ್ದನ್ನು ಒಡೆದು ಕೊಡುವ ಒರಟು ದನಿ, ಅದೂ ಗಂಟಲಿನ ಅನುಕರಣೆಯೇ. ಕಟ್ಟಿದ ಗಂಟಲಿನಲ್ಲಿ, ದನಿ ಸೀಳುವಂತೆ ಹಾಡುವುದು ಪ್ರಾರ್ಥನೆಯಲ್ಲೂ ಬ್ಲೂಸಿನಲ್ಲೂ ಕುಂದಲ್ಲ, ಸತ್ಯದ ಗುರುತು. ಮೆಂಫಿಸ್ಸಿನಲ್ಲಿ 1951ರಲ್ಲಿ ಐಕ್ ಟರ್ನರ್ ಬ್ಯಾಂಡಿನವರ ಆಂಪ್ ದಾರಿಯಲ್ಲಿ ಪೆಟ್ಟು ತಿಂದಿತ್ತು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಸ್ಪೀಕರಿನೊಳಗೆ ಕಾಗದ ತುರುಕಿ ಆ ಗೊರಗೊರ ಸದ್ದನ್ನೇ ಧ್ವನಿಮುದ್ರಿಸಿದರು. ಗಿಟಾರಿಗ ಲಿಂಕ್ ರೇ 1958ರಲ್ಲಿ ಪೆನ್ಸಿಲ್ಲಿನಿಂದ ಸ್ಪೀಕರ್ ಚುಚ್ಚಿದರು, ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ 1964ರಲ್ಲಿ ಬ್ಲೇಡಿನಿಂದ ಕೊಯ್ದರು. ಆ ಕಿಂಕ್ಸ್ ಹಾಡನ್ನೇ ವ್ಯಾನ್ ಹೇಲನ್ 1978ರ ಆಲ್ಬಮ್ಮಿನಲ್ಲಿ ನುಡಿಸಿದ್ದು. ನೀವು ಯಾವ ಸ್ಪೀಕರನ್ನೂ ಕೊಯ್ಯಬೇಡಿ, ಪೆಡಲ್ ಸಾಕು. ಹಳೆಯ ಅಮೆರಿಕನ್ ಆಂಪ್ ಕೊಂಡರೆ ಅದು 120 ವೋಲ್ಟಿನದು, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟೇಹೋಗುತ್ತದೆ.

ಡಿಸ್ಟಾರ್ಷನ್ ಹಾಕಿದ ಮೇಲೆ ಪೂರ್ತಿ ಕಾರ್ಡು ಏಕೆ ಕಲಸಿಹೋಗುತ್ತದೆ, ಷಡ್ಜ-ಪಂಚಮ ಎರಡೇ ಇರುವ ಪವರ್ ಕಾರ್ಡು ಏಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೂ ಲೆಕ್ಕವಿದೆ. ಡಿಸ್ಟಾರ್ಷನ್ ಎರಡು ಸ್ವರಗಳ ಆವರ್ತನಗಳ ವ್ಯತ್ಯಾಸದಷ್ಟು ಹೊಸ ಸ್ವರವನ್ನು ಹುಟ್ಟಿಸುತ್ತದೆ. ಎ 110 ಹರ್ಟ್ಸ್, ಮೇಲಿನ ಇ 165 ಹರ್ಟ್ಸ್, ವ್ಯತ್ಯಾಸ 55: ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಎ. ಷಡ್ಜಕ್ಕೆ ತಳಪಾಯ ಸಿಕ್ಕಿತು. ಗಿಟಾರಿನ ಸಿ ಶಾರ್ಪ್ 138.6 ಹರ್ಟ್ಸ್. 110ನ್ನು ಕಳೆದರೆ 28.6, ಆದರೆ ಎರಡು ಸ್ಥಾಯಿ ಕೆಳಗಿನ ಎ 27.5. ಇಂಥ ಸಣ್ಣ ಹೊಂದಾಣಿಕೆಯಿಲ್ಲದ ಸ್ವರಗಳು ಸೇರಿ ರಾಡಿಯಾಗುತ್ತದೆ. ಹೀಗೆ ಕಾರ್ಡಿನಿಂದ ಗಾಂಧಾರವನ್ನು ಕೈಬಿಟ್ಟ ಮೇಲೆ ಅದನ್ನು ನಿರ್ಧರಿಸುವ ಹೊಣೆ ಸೋಲೋ ನುಡಿಸುವವರ ಬೆರಳಿಗೇ ಬಂತು. ಮೆಟಲ್ ಸೋಲೋದಲ್ಲಿ ಬೆಂಡಿಗೆ ಅಷ್ಟು ತೂಕ ಇರುವುದು ಇದಕ್ಕೇ.

1983ರ ನವೆಂಬರಿನಲ್ಲಿ ಕ್ವಯಟ್ ರಯಟ್‌ನ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಮೇಲೆ ರೆಕಾರ್ಡ್ ಕಂಪನಿಗಳು ಸ್ಟ್ರಿಪ್ಪಿಗೆ ಮುಗಿಬಿದ್ದವು. ಮಾಟ್ಲಿ ಕ್ರೂ, ರ್‍ಯಾಟ್, ಪಾಯ್ಸನ್ ಎಲ್ಲರ ಪಲ್ಲವಿಯಲ್ಲೂ ಒಬ್ಬ ಗಾಯಕನಿಗೆ ಬ್ಯಾಂಡಿನ ಉಳಿದವರು ಒಟ್ಟಾಗಿ ಅರಚಿ ಉತ್ತರ ಕೊಡುವುದನ್ನು ಗಮನಿಸಿ, ಕ್ರೀಡಾಂಗಣದಲ್ಲಿ ಹತ್ತು ಸಾವಿರ ಜನ ಆ ಉತ್ತರಕ್ಕೆ ಸೇರುತ್ತಾರೆ. ಕೂಗು-ಮಾರುತ್ತರ ಉಳಿಯಿತು. ಹೋದದ್ದು ಷಫಲ್. ಬ್ಲೂಸಿನ ನಡೆ ತಿಶ್ರ: 'ತಕಿಟ' ಎಂದು ಹೇಳುತ್ತಾ 'ಕಿ'ಯನ್ನು ಮೌನ ಮಾಡಿ, ಅದೇ ಷಫಲ್. ರಾಕ್ ಅಂಡ್ ರೋಲಿನ ಚಕ್ ಬೆರಿಯ ಗಿಟಾರು ಅದನ್ನು ನೇರ ಎರಡೆರಡು ಏಟಿಗೆ ಬದಲಿಸಿತು, ಹಿಂದೆ ಡ್ರಮ್ಮು ಇನ್ನೂ ತೂಗುತ್ತಿದ್ದರೂ. ಗ್ಲಾಮ್ ಮೆಟಲ್ಲಿನ ಹೆಚ್ಚಿನ ಹಾಡುಗಳಲ್ಲಿ ಎಲ್ಲವೂ ನೇರ. ಅದನ್ನು ನಷ್ಟ ಎಂದೇ ಹೇಳಬೇಕು. ಅಪವಾದಗಳಿವೆ. ಸಿಂಡರೆಲ್ಲಾ ಬ್ಯಾಂಡಿನ 1988ರ ಆಲ್ಬಂ ಶುರುವಾಗುವುದೇ ಸ್ಲೈಡ್ ಗಿಟಾರಿನಿಂದ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಆ ವೇದಿಕೆಗಳಲ್ಲಿ ಕಪ್ಪು ಸಂಗೀತಗಾರರು ಬೆರಳೆಣಿಕೆಯಷ್ಟು. ಲೆಡ್ ಝೆಪೆಲಿನ್ನಿನ 1969ರ ಒಂದು ದೊಡ್ಡ ಹಾಡಿನ ಸಾಹಿತ್ಯ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ಗೆ ತಾವು ಬರೆದುಕೊಟ್ಟ ಹಾಡಿನದು ಎಂದು ವಿಲ್ಲಿ ಡಿಕ್ಸನ್ 1985ರಲ್ಲಿ ದಾವೆ ಹೂಡಬೇಕಾಯಿತು, ರಾಜಿಯಾದದ್ದು 1987ರಲ್ಲಿ. ಕಪ್ಪು ಗಿಟಾರಿಗ ವರ್ನನ್ ರೀಡ್ ಮತ್ತು ಗೆಳೆಯರು 1985ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲ್ಯಾಕ್ ರಾಕ್ ಕೊಯಲಿಷನ್ ಕಟ್ಟಿದ್ದು ರಾಕ್ ನಮ್ಮದೂ ಹೌದು ಎಂದು ಹೇಳಲಿಕ್ಕೇ. ಅವರ ಲಿವಿಂಗ್ ಕಲರ್ ಬ್ಯಾಂಡನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಕೊನೆಗೆ ನಿಮ್ಮ ಬೆಂಡು. ಇದಕ್ಕೆ 9–42ರ ತೆಳು ತಂತಿ ಸೆಟ್ ಹಾಕಿ (11ರದು ಸ್ಲೈಡಿಗೆ ಮಾತ್ರ). ಹೊಸ ತಂತಿಯನ್ನು ಕೈಯಿಂದ ಎಳೆದು ಎಳೆದು ಮೂರು ನಾಲ್ಕು ಸಲ ಶ್ರುತಿ ಮಾಡಿ, ಇಲ್ಲದಿದ್ದರೆ ಪ್ರತಿ ಬೆಂಡಿಗೂ ಇಳಿಯುತ್ತದೆ. ಆಮೇಲೂ ಇಳಿಯುತ್ತಿದ್ದರೆ, ಶ್ರುತಿ ಮಾಡುವಾಗ 'ಟಿಂಗ್' ಎಂದು ಸದ್ದು ಬಂದರೆ, ತಂತಿ ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ಲಿನ ಸೀಸವನ್ನು ಆ ಸೀಳಿಗೆ ಉಜ್ಜಿ. ಬೆಂಡಿನ ತುದಿಯಲ್ಲಿ ಸ್ವರ ಸತ್ತುಹೋದರೆ ತಂತಿ ತೀರಾ ತಗ್ಗಿನಲ್ಲಿದೆ, 12ನೇ ಫ್ರೆಟ್ಟಿನ ಮೇಲೆ ಒಂದನೇ ತಂತಿ ಸುಮಾರು 1.5 ಮಿಲಿಮೀಟರು ಎತ್ತರ ಇರಲಿ. ವ್ಯಾನ್ ಹೇಲನ್ನಿನ ಹಾಗೆ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದರೆ ತಂತಿ ಸಡಿಲವಾಗಿ ಬೆಂಡು ಹಗುರಾಗುತ್ತದೆ, ಗಾಯಕನ ಗಂಟಲಿಗೂ ಆರಾಮ. ಮೇಲಿನ ಪಾಠಗಳೆಲ್ಲ ಆಗ ಎ ಬದಲು ಎ ಫ್ಲಾಟಿನಲ್ಲಿ ಕೇಳುತ್ತವೆ, ಅಷ್ಟೇ.

ಮೂರನೆಯ ತಂತಿಯ ಏಳನೆಯ ಫ್ರೆಟ್ಟಿಗೆ ಉಂಗುರ ಬೆರಳು, ಅದರ ಹಿಂದೆ ಆಸರೆಗೆ ಮಧ್ಯದ ಬೆರಳು, ಎರಡನೆಯ ತಂತಿಯ ಐದನೆಯ ಫ್ರೆಟ್ಟಿಗೆ ತೋರುಬೆರಳು. ಎರಡೂ ತಂತಿ ಒಟ್ಟಿಗೆ ಮೀಟಿ, ಮೂರನೆಯದನ್ನು ಮೇಲಕ್ಕೆ ತಳ್ಳಿ. ಹೆಬ್ಬೆರಳು ಕುತ್ತಿಗೆಯ ಮೇಲೆ ಬಂದು ಆನಿಕೆ ಕೊಡಲಿ, ಬೆರಳು ಮಡಿಸಬೇಡಿ, ಬೀಗದ ಕೈ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಲಿ. ಡಿ ಸ್ವರ ಇ ಕಡೆಗೆ ಏರುತ್ತಿದ್ದಂತೆ ಎರಡು ಸ್ವರಗಳ ನಡುವೆ ಅಲೆ ಕೇಳುತ್ತದೆ, ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಸೇರಿದಾಗ ನಿಂತುಬಿಡುತ್ತದೆ. ತಂಬೂರಿ ಶ್ರುತಿ ಮಾಡುವ ಕಿವಿಯೇ ಇಲ್ಲೂ ಬೇಕಾದದ್ದು. ಇದನ್ನೆಲ್ಲ ಡಿಸ್ಟಾರ್ಷನ್ ಇಲ್ಲದೆ ಮಾಡಿ, ಅದು ಅಪಶ್ರುತಿಯನ್ನೂ ಮೀಟಿನ ಬಲವನ್ನೂ ಮುಚ್ಚಿಹಾಕುತ್ತದೆ. ಆಮೇಲೆ ಆಂಪಿನ ಗೇನ್ (ಡಿಸ್ಟಾರ್ಷನ್ನಿನ ಪ್ರಮಾಣ) 6ರ ಸುತ್ತ, ಮಿಡ್ (ನಡುವಿನ ಸ್ವರಗಳ ಬಲ) 6ಕ್ಕಿಂತ ಕಡಿಮೆ ಬೇಡ. ಮಿಡ್ ಕಳೆದರೆ ಕೋಣೆಯಲ್ಲಿ ಚೆನ್ನಾಗಿ ಕೇಳುತ್ತದೆ, ಬ್ಯಾಂಡಿನ ನಡುವೆ ಗಿಟಾರೇ ಮಾಯವಾಗುತ್ತದೆ.

ಪ್ರತಿದಿನ 20 ನಿಮಿಷ, ಮೆಟ್ರೊನೋಮ್ 65ರಲ್ಲಿ, ಹನ್ನೆರಡು ಬಾರಿನ ರೆಕಾರ್ಡಿಂಗ್ ಹಾಕಿಕೊಳ್ಳಿ. ಎರಡು ಬಾರು ಕನ್ನಡದಲ್ಲೇ ಏನಾದರೊಂದು ಸಾಲನ್ನು ಬಾಯಿಬಿಟ್ಟು ಹಾಡಿ, ಮುಂದಿನ ಎರಡರಲ್ಲಿ ಅದೇ ಸಾಲನ್ನು ಗಿಟಾರಿನಲ್ಲಿ ಹೇಳಿ. ಉಸಿರು ಮುಗಿದಲ್ಲಿ ಬೆರಳೂ ನಿಲ್ಲಲಿ. ಕಂಠ ಗಾಂಧಾರವನ್ನು ಎಲ್ಲಿ ನಿಲ್ಲಿಸಿತೋ ತಂತಿಯನ್ನೂ ಅಲ್ಲಿಗೇ ಎಳೆಯಿರಿ. ಒಂದು ತಿಂಗಳು ಹೀಗೆ ಮಾಡಿ, ಆಮೇಲೆ ನಿಮ್ಮ ಸೋಲೋಗಳಿಗೆ ವಾಪಸ್ ಬನ್ನಿ.